ಹರಡುವ ಚರ್ಮ ಕ್ಯಾನ್ಸರನ್ನು ಮೊದಲೇ ಗುರುತಿಸಲು ಹೊರಟವರಿಗೆ ಒಂದು ಬಹಿರಂಗ ಪತ್ರ

ಪ್ರಿಯ ಸಂಶೋಧಕರೇ, ಇಂಜಿನಿಯರುಗಳೇ,

ಚರ್ಮದ ಕ್ಯಾನ್ಸರುಗಳಲ್ಲಿ ಯಾವುದು ಹುಟ್ಟಿದ ಜಾಗದಲ್ಲೇ ಉಳಿಯುತ್ತದೆ, ಯಾವುದು ಶ್ವಾಸಕೋಶ, ಯಕೃತ್ತು, ಮಿದುಳಿನವರೆಗೆ ಹೋಗುತ್ತದೆ ಎಂಬುದನ್ನು ಮೊದಲೇ ಹೇಳಬಲ್ಲ ಪರೀಕ್ಷೆಗಳನ್ನು ಕಟ್ಟುತ್ತಿರುವ ನಿಮಗೆ ಈ ಪತ್ರ. ನಿಮ್ಮಲ್ಲಿ ಕೆಲವರು ಗಡ್ಡೆಯ ತುಣುಕಿನಲ್ಲಿ ಯಾವ ಜೀನ್ ಎಷ್ಟು ಚುರುಕಾಗಿದೆ ಎಂದು ಅಳೆಯುತ್ತೀರಿ. ಇನ್ನು ಕೆಲವರು ಪೆಥಾಲಜಿ ಸ್ಲೈಡುಗಳ ಸಾವಿರಾರು ಚಿತ್ರಗಳನ್ನು ಕಂಪ್ಯೂಟರಿಗೆ ತೋರಿಸಿ, ಮನುಷ್ಯರ ಕಣ್ಣಿಗೆ ಬೀಳದ ಸುಳಿವುಗಳನ್ನು ಹುಡುಕಿಸುತ್ತೀರಿ. ಬೆಂಗಳೂರಿನಲ್ಲಿ ಕುಳಿತು ಈ ಕೆಲಸ ಮಾಡುವವರೂ ಇದ್ದೀರಿ, ಹೊರದೇಶದ ಪ್ರಯೋಗಾಲಯಗಳಲ್ಲಿ ದುಡಿಯುವ ಕನ್ನಡಿಗರೂ ಇದ್ದೀರಿ. ಈ ಕೆಲಸ ಬೇಕು ಎಂಬುದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಆದರೆ ನಿಮ್ಮಲ್ಲಿ ನನ್ನದೊಂದು ಒತ್ತಾಯದ ಕೋರಿಕೆಯಿದೆ. ನಿಮ್ಮ ಪರೀಕ್ಷೆ ಎಷ್ಟು ನಿಖರ ಎಂದು ಸಾರುವ ಮೊದಲು, ಅದರ ಫಲಿತಾಂಶದಿಂದ ರೋಗಿಯ ಚಿಕಿತ್ಸೆಯಲ್ಲಿ ಯಾವ ನಿರ್ಧಾರ ಬದಲಾಗುತ್ತದೆ, ಹಾಗೆ ಬದಲಾದದ್ದರಿಂದ ಆ ರೋಗಿಗೆ ಒಳಿತಾಯಿತೇ ಎಂಬುದನ್ನು ತೋರಿಸಿ. ಯಾರ ಚರ್ಮದ ಮೇಲೆ ಅದನ್ನು ಪರೀಕ್ಷಿಸಿದಿರಿ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಿ. ಈ ಎರಡಕ್ಕೆ ಉತ್ತರ ಸಿಗುವವರೆಗೆ ಮುನ್ಸೂಚನೆಯನ್ನು ಚಿಕಿತ್ಸೆಯ ಆಧಾರವಾಗಿ ಮಾರಬಾರದು ಎಂಬುದು ನನ್ನ ವಾದ.

ಈ ರೋಗದಲ್ಲಿ ಮುನ್ಸೂಚನೆ ಹೊಸದೇನಲ್ಲ. 1970ರಲ್ಲಿ ವಾಷಿಂಗ್ಟನ್ನಿನ ಪೆಥಾಲಜಿಸ್ಟ್ ಅಲೆಕ್ಸಾಂಡರ್ ಬ್ರೆಸ್ಲೊ ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ 98 ರೋಗಿಗಳ ಸ್ಲೈಡುಗಳನ್ನು ಮುಂದಿಟ್ಟುಕೊಂಡು, ಚರ್ಮದ ಮೇಲ್ಭಾಗದ ಕಣಪದರದಿಂದ ಹಿಡಿದು ಅತಿ ಆಳದಲ್ಲಿರುವ ಕ್ಯಾನ್ಸರ್ ಕೋಶದವರೆಗೆ ಗಡ್ಡೆ ಎಷ್ಟು ಮಿಲಿಮೀಟರ್ ದಪ್ಪವಿದೆ ಎಂದು ಸೂಕ್ಷ್ಮದರ್ಶಕದಲ್ಲಿ ಅಳೆದರು. 0.76 ಮಿ.ಮೀ.ಗಿಂತ ತೆಳುವಾದ ಗಡ್ಡೆಗಳು ಆ ಗುಂಪಿನಲ್ಲಿ ಮರುಕಳಿಸಿರಲಿಲ್ಲ. ದಪ್ಪ ಹೆಚ್ಚಿದಂತೆ ಅಪಾಯವೂ ಹೆಚ್ಚುತ್ತಿತ್ತು. ಅರ್ಧ ಶತಮಾನ ಕಳೆದರೂ ಆ ಅಳತೆಯೇ ಮೆಲನೋಮ ವರದಿಯ ಮೊದಲ ಸಂಖ್ಯೆಯಾಗಿ ಉಳಿದಿದೆ. ಇದಕ್ಕೆ ಕಾರಣ ಸ್ಪಷ್ಟ. ಮೇಲ್ಪದರದಲ್ಲಿ ರಕ್ತನಾಳವಾಗಲಿ ದುಗ್ಧನಾಳವಾಗಲಿ ಇಲ್ಲ. ಗಡ್ಡೆ ಕೆಳಪದರಕ್ಕೆ ಇಳಿದಷ್ಟೂ ಅದರ ಕೋಶಗಳಿಗೆ ಊರು ಬಿಟ್ಟು ಹೋಗುವ ದಾರಿಗಳು ಸಿಗುತ್ತವೆ. ಮುಂದೆ ಈ ದಪ್ಪದ ಜೊತೆಗೆ ಗಡ್ಡೆಯ ಮೇಲ್ಮೈ ಹುಣ್ಣಾಗಿದೆಯೇ ಎಂಬ ಅಂಶ ಸೇರಿತು. 1992ರಲ್ಲಿ ಡೊನಾಲ್ಡ್ ಮಾರ್ಟನ್ ಮತ್ತು ಸಂಗಡಿಗರು ಗಡ್ಡೆಯಿಂದ ಹೊರಟ ದುಗ್ಧರಸ ಮೊದಲು ಸೇರುವ ಗ್ರಂಥಿಯನ್ನು, ಅಂದರೆ ಸೆಂಟಿನೆಲ್ ಗ್ರಂಥಿಯನ್ನು, ಹುಡುಕಿ ತೆಗೆದು ಪರೀಕ್ಷಿಸುವ ವಿಧಾನವನ್ನು ಪ್ರಕಟಿಸಿದರು. ದಪ್ಪ, ಹುಣ್ಣು, ಗ್ರಂಥಿ, ಈ ಮೂರೇ ಇಂದಿನ ಹಂತ ನಿರ್ಣಯದ ಬೆನ್ನೆಲುಬು. ನಿಮ್ಮ ಪರೀಕ್ಷೆ ಸ್ಪರ್ಧಿಸಬೇಕಾದದ್ದು ಈ ಮೂರರ ಜೊತೆ, ಇವು ಕೈಗೆ ಸಿಕ್ಕ ಮೇಲೂ ಉಳಿಯುವ ಅನಿಶ್ಚಿತತೆಯ ಜೊತೆ.

ಆ ಅನಿಶ್ಚಿತತೆ ಚಿಕ್ಕದಲ್ಲ ಎಂದು ಮೊದಲು ನಾನೇ ಒಪ್ಪಿಕೊಳ್ಳುತ್ತೇನೆ. 2017ರಲ್ಲಿ ಬಂದ ಹಂತ ನಿರ್ಣಯದ ಎಂಟನೆಯ ಆವೃತ್ತಿ 46,000ಕ್ಕೂ ಹೆಚ್ಚು ರೋಗಿಗಳ ದಾಖಲೆಗಳ ಮೇಲೆ ನಿಂತಿದೆ. ಅದರ ಪ್ರಕಾರ ಗ್ರಂಥಿಗೆ ಹರಡದ, ಆದರೆ ದಪ್ಪವಾಗಿ ಹುಣ್ಣಾದ 2ಸಿ ಹಂತದ ರೋಗಿಗಳಲ್ಲಿ ಹತ್ತು ವರ್ಷದ ನಂತರ ಮೆಲನೋಮದಿಂದ ಸಾಯದೆ ಉಳಿದವರು 75 ಪ್ರತಿಶತ. ಗ್ರಂಥಿಗೆ ಈಗಾಗಲೇ ಹರಡಿರುವ, ಆದರೆ ತೆಳುವಾದ 3ಎ ಹಂತದಲ್ಲಿ ಅದೇ ಸಂಖ್ಯೆ 88 ಪ್ರತಿಶತ. ಗ್ರಂಥಿಗೆ ಹರಡಿದ ಈ ಗುಂಪಿನವರು ಹರಡದ ಆ ಗುಂಪಿನವರಿಗಿಂತ ಹೆಚ್ಚು ಕಾಲ ಬದುಕುತ್ತಾರೆ ಎಂದರೆ ನಮ್ಮ ಹಂತಗಳ ಏಣಿಯಲ್ಲಿ ಮೆಟ್ಟಿಲುಗಳು ಸರಿಯಾದ ಕ್ರಮದಲ್ಲಿಲ್ಲ ಎಂದಾಯಿತು. ಇನ್ನೊಂದು ಸಂಗತಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನದು. ಅಲ್ಲಿ 1 ಮಿ.ಮೀ. ಅಥವಾ ಅದಕ್ಕಿಂತ ತೆಳುವಾದ ಮೆಲನೋಮ ಇದ್ದ 26,736 ಜನರನ್ನು ಗಮನಿಸಿದ ಅಧ್ಯಯನದಲ್ಲಿ ಇಪ್ಪತ್ತು ವರ್ಷದ ಬದುಕುಳಿವು 96 ಪ್ರತಿಶತ ಇತ್ತು. ಇಷ್ಟಾದರೂ 2005ರಿಂದ 2009ರ ನಡುವೆ ಅದೇ ರಾಜ್ಯದ ಮೆಲನೋಮ ಸಾವುಗಳಲ್ಲಿ 23 ಪ್ರತಿಶತ ಇಂಥ ತೆಳು ಗಡ್ಡೆಗಳಿಂದ ಆದವು. 4 ಮಿ.ಮೀ. ಮೀರಿದ ದಪ್ಪ ಗಡ್ಡೆಗಳ ಪಾಲು 14 ಪ್ರತಿಶತ. ತೆಳು ಗಡ್ಡೆಯಲ್ಲಿ ಒಬ್ಬೊಬ್ಬರ ಅಪಾಯ ಕಡಿಮೆ. ಆದರೆ ಅಂಥ ಗಡ್ಡೆ ಇರುವವರ ಸಂಖ್ಯೆ ಎಷ್ಟು ದೊಡ್ಡದೆಂದರೆ ಒಟ್ಟು ಸಾವಿನಲ್ಲಿ ಅವರ ಪಾಲು ದಪ್ಪ ಗಡ್ಡೆಯವರ ಪಾಲಿಗಿಂತ ಹೆಚ್ಚಾಗುತ್ತದೆ. ನೂರರಲ್ಲಿ ತೊಂಬತ್ತಾರು ಜನರಿಗೆ ಧೈರ್ಯ ಹೇಳಿ, ಉಳಿದ ನಾಲ್ವರನ್ನು ಗುರುತಿಸಿ ಕಾಪಾಡಬೇಕೆಂಬ ನಿಮ್ಮ ಹಂಬಲ ಹುಟ್ಟಿದ್ದು ಇಲ್ಲಿಂದ. ಅದು ಗೌರವಿಸಬೇಕಾದ ಹಂಬಲ.

ಆದರೆ ವಿರಳವಾದದ್ದನ್ನು ಹುಡುಕುವ ಪರೀಕ್ಷೆಗೆ ಲೆಕ್ಕವೇ ಎದುರಾಳಿ. ಉದಾಹರಣೆಗೆ ಒಂದು ಕಲ್ಪಿತ ಲೆಕ್ಕ ನೋಡೋಣ. ಸಾವಿರ ರೋಗಿಗಳಲ್ಲಿ 50 ಜನರಲ್ಲಿ ರೋಗ ಹರಡಲಿದೆ ಎನ್ನಿ. ಹರಡುವವರಲ್ಲಿ ನೂರಕ್ಕೆ 80 ಜನರನ್ನು ಹಿಡಿಯುವ, ಹರಡದವರಲ್ಲೂ ನೂರಕ್ಕೆ 80 ಜನರನ್ನು ಸರಿಯಾಗಿ ಬಿಡುವ ಪರೀಕ್ಷೆ ನಿಮ್ಮಲ್ಲಿದೆ ಎನ್ನಿ. ಅದು 40 ನಿಜವಾದ ಅಪಾಯಗಳನ್ನು ಗುರುತಿಸುತ್ತದೆ, ಜೊತೆಗೆ 190 ಜನರನ್ನು ಸುಮ್ಮನೆ ಹೆದರಿಸುತ್ತದೆ. 'ಹೆಚ್ಚು ಅಪಾಯ' ಎಂಬ ಚೀಟಿ ಹಿಡಿದ 230 ಜನರಲ್ಲಿ ಆರರಲ್ಲಿ ಐವರಿಗೆ ಏನೂ ಆಗುವುದಿಲ್ಲ. 'ಕಡಿಮೆ ಅಪಾಯ' ಎಂಬ ಚೀಟಿ ಪಡೆದು ನಿಶ್ಚಿಂತರಾದ 770 ಜನರಲ್ಲಿ 10 ಮಂದಿಯಲ್ಲಿ ರೋಗ ಹರಡುತ್ತದೆ. ವಾಸ್ತವ ಇದಕ್ಕಿಂತ ಕಠಿಣವಾಗಿದೆ. ಅಮೆರಿಕದಲ್ಲಿ ವರ್ಷಗಳಿಂದ ಮಾರಾಟದಲ್ಲಿರುವ 31 ಜೀನುಗಳ ಪರೀಕ್ಷೆಯ ಬಗ್ಗೆ ಪ್ರಕಟವಾದ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2020ರಲ್ಲಿ ಹೊರಬಂತು. ಮೊದಲ ಹಂತದ ರೋಗಿಗಳಲ್ಲಿ ಮುಂದೆ ರೋಗ ಮರುಕಳಿಸಿದವರ ಪೈಕಿ ಈ ಪರೀಕ್ಷೆ 'ಹೆಚ್ಚು ಅಪಾಯ' ಎಂದು ಮೊದಲೇ ಹೇಳಿದ್ದು 29 ಪ್ರತಿಶತ ಜನರಿಗೆ ಮಾತ್ರ. ಎರಡನೆಯ ಹಂತದಲ್ಲಿ 82 ಪ್ರತಿಶತ ಜನರನ್ನು ಅದು ಹಿಡಿಯಿತು. ಆದರೆ ರೋಗ ಮರುಕಳಿಸದವರಲ್ಲಿ ಅರ್ಧಕ್ಕಿಂತ ಹೆಚ್ಚಿನವರನ್ನೂ ಅಪಾಯದ ಪಟ್ಟಿಗೆ ಸೇರಿಸಿತು. ಎಲ್ಲಿ ಅಗತ್ಯ ಹೆಚ್ಚೋ ಅಲ್ಲೇ ಪರೀಕ್ಷೆ ಕೈಕೊಟ್ಟಿತು. ಅಮೆರಿಕದ ಚರ್ಮರೋಗ ತಜ್ಞರ ಅಕಾಡೆಮಿ 2019ರ ಮಾರ್ಗಸೂಚಿಯಲ್ಲಿ ಇಂಥ ಪರೀಕ್ಷೆಗಳ ವಾಡಿಕೆಯ ಬಳಕೆ ಬೇಡವೆಂದು ಹೇಳಿದ್ದು ಕಾರಣವಿಲ್ಲದೆ ಅಲ್ಲ.

ಇನ್ನು ನಿರ್ಧಾರದ ಮಾತು. ಮೆಲನೋಮ ಕತ್ತರಿಸಿ ತೆಗೆದ ಮೇಲೆ ಮುನ್ಸೂಚನೆಯಿಂದ ಬದಲಾಗಬಹುದಾದ ನಿರ್ಧಾರಗಳು ಮೂರು. ಗ್ರಂಥಿಯನ್ನು ತೆಗೆದು ನೋಡಬೇಕೇ, ಔಷಧ ಕೊಡಬೇಕೇ, ಎಷ್ಟು ಬಾರಿ ಕರೆಸಿ ಯಾವ ಸ್ಕ್ಯಾನ್ ಮಾಡಿಸಬೇಕು. ಮೂರಕ್ಕೂ ಬೆಲೆಯಿದೆ. ಸೆಂಟಿನೆಲ್ ಗ್ರಂಥಿಯಲ್ಲಿ ಕ್ಯಾನ್ಸರ್ ಕಂಡರೆ ಆ ಭಾಗದ ಎಲ್ಲ ಗ್ರಂಥಿಗಳನ್ನೂ ತೆಗೆಯುವುದು ದಶಕಗಳ ಪದ್ಧತಿಯಾಗಿತ್ತು. ಅಪಾಯ ಗೊತ್ತಾದ ಮೇಲೆ ಸುಮ್ಮನಿರುವುದು ಹೇಗೆ ಎಂಬುದು ಅದರ ಹಿಂದಿನ ತರ್ಕ. 2017ರಲ್ಲಿ ಪ್ರಕಟವಾದ, 1,900ಕ್ಕೂ ಹೆಚ್ಚು ರೋಗಿಗಳ ಅಂತರರಾಷ್ಟ್ರೀಯ ಪ್ರಯೋಗ ಆ ತರ್ಕವನ್ನು ಪರೀಕ್ಷೆಗೆ ಒಡ್ಡಿತು. ಎಲ್ಲ ಗ್ರಂಥಿ ತೆಗೆಸಿಕೊಂಡವರಲ್ಲೂ ಅಲ್ಟ್ರಾಸೌಂಡ್ ಮಾಡಿಸುತ್ತಾ ಕಾದವರಲ್ಲೂ ಮೂರು ವರ್ಷದ ನಂತರ ಮೆಲನೋಮದಿಂದ ಸಾಯದೆ ಉಳಿದವರ ಪ್ರಮಾಣ ಒಂದೇ, 86 ಪ್ರತಿಶತ. ಆದರೆ ಕೈಕಾಲು ಬಾತುಕೊಳ್ಳುವ ತೊಂದರೆ ಮೊದಲ ಗುಂಪಿನಲ್ಲಿ 24.1 ಪ್ರತಿಶತ, ಎರಡನೆಯದರಲ್ಲಿ 6.3 ಪ್ರತಿಶತ. ಮುನ್ಸೂಚನೆ ಸರಿಯಾಗಿಯೇ ಇತ್ತು. ಗ್ರಂಥಿಗೆ ಹರಡಿದವರ ಅಪಾಯ ನಿಜವಾಗಿಯೂ ಹೆಚ್ಚು. ಅದರ ಮೇಲೆ ಕೈಗೊಂಡ ಕ್ರಮ ಮಾತ್ರ ಜೀವ ಉಳಿಸಲಿಲ್ಲ, ಹಲವರಿಗೆ ಬಾಳಿಡೀ ಬಾವು ಕೊಟ್ಟಿತು. ಸರಿಯಾದ ಭವಿಷ್ಯ ನುಡಿದ ಮಾತ್ರಕ್ಕೆ ಒಳಿತಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಈ ಕ್ಷೇತ್ರದಲ್ಲಿ ಇನ್ನೊಂದಿಲ್ಲ.

ಇಂದು ಈ ಪಾಠ ಇನ್ನಷ್ಟು ತುರ್ತಿನದು. 2021ರ ಕೊನೆಯಲ್ಲಿ ಅಮೆರಿಕದಲ್ಲಿ 2ಬಿ ಮತ್ತು 2ಸಿ ಹಂತದ ಮೆಲನೋಮಕ್ಕೆ ಶಸ್ತ್ರಚಿಕಿತ್ಸೆಯ ನಂತರ ಪೆಂಬ್ರೊಲಿಜುಮಾಬ್ ಕೊಡಲು ಅನುಮತಿ ಸಿಕ್ಕಿತು. ಅದು ರೋಗ ಮರುಕಳಿಸುವುದನ್ನು ಕಡಿಮೆ ಮಾಡುತ್ತದೆ. ರೋಗನಿರೋಧಕ ವ್ಯವಸ್ಥೆಯ ಕಡಿವಾಣ ಬಿಚ್ಚುವ ಔಷಧವಾದ್ದರಿಂದ ಥೈರಾಯ್ಡ್, ಅಡ್ರೀನಲ್, ಪಿಟ್ಯುಟರಿ ಗ್ರಂಥಿಗಳಿಗೆ ಕೆಲವರಲ್ಲಿ ಶಾಶ್ವತ ಹಾನಿಯನ್ನೂ ಮಾಡುತ್ತದೆ. ಶಸ್ತ್ರಚಿಕಿತ್ಸೆಯಿಂದಲೇ ಗುಣವಾಗಿದ್ದ ಮನುಷ್ಯನಿಗೆ ಬದುಕಿಡೀ ಹಾರ್ಮೋನ್ ಮಾತ್ರೆ ನುಂಗುವ ಪಾಡು ಬರಬಹುದು. ಯಾರಿಗೆ ಈ ಔಷಧ ನಿಜವಾಗಿ ಬೇಕು, ಯಾರಿಗೆ ಬೇಡ ಎಂದು ಬೇರ್ಪಡಿಸಬಲ್ಲ ಪರೀಕ್ಷೆ ಬಂದರೆ ಅದು ದೊಡ್ಡ ಉಪಕಾರ. ಆದರೆ ಹಾಗೆ ಬೇರ್ಪಡಿಸಲು ಯಾರ ರೋಗ ಹರಡುತ್ತದೆ ಎಂದು ತಿಳಿದರಷ್ಟೇ ಸಾಲದು, ಹರಡಲಿರುವವರಲ್ಲಿ ಯಾರಿಗೆ ಔಷಧ ನಾಟುತ್ತದೆ ಎಂಬುದೂ ಗೊತ್ತಾಗಬೇಕು. ಈ ಎರಡು ಬೇರೆ ಬೇರೆ ಪ್ರಶ್ನೆಗಳು. ಮೊದಲನೆಯದಕ್ಕೆ ಉತ್ತರ ಕಂಡುಕೊಂಡು ಎರಡನೆಯದಕ್ಕೂ ಉತ್ತರ ಸಿಕ್ಕಿತೆಂದು ಹೇಳುವ ಪ್ರಬಂಧಗಳನ್ನು ದಯವಿಟ್ಟು ಬರೆಯಬೇಡಿ.

ನಾನು ಕೇಳುತ್ತಿರುವುದು ಅಸಾಧ್ಯವಾದದ್ದಲ್ಲ. ಸ್ತನ ಕ್ಯಾನ್ಸರಿನಲ್ಲಿ ಅದು ನಡೆದಿದೆ. ಅಲ್ಲಿ 21 ಜೀನುಗಳ ಪರೀಕ್ಷೆಯನ್ನು ಮೊದಲು, ಹಿಂದೆ ಮುಗಿದಿದ್ದ ಪ್ರಯೋಗವೊಂದರ ರೋಗಿಗಳಿಂದ ಕಾದಿರಿಸಿದ್ದ, ಗಡ್ಡೆಯ ತುಣುಕುಗಳಿರುವ ಮೇಣದ ಬ್ಲಾಕುಗಳ ಮೇಲೆ ಪರೀಕ್ಷಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಷ್ಟಕ್ಕೆ ನಿಲ್ಲದೆ 10,000ಕ್ಕೂ ಹೆಚ್ಚು ಮಹಿಳೆಯರನ್ನು ಸೇರಿಸಿಕೊಂಡು, ಮಧ್ಯಮ ಅಂಕ ಬಂದವರಲ್ಲಿ ಅರ್ಧ ಜನರಿಗೆ ಕೀಮೊಥೆರಪಿ ಮತ್ತು ಹಾರ್ಮೋನ್ ಚಿಕಿತ್ಸೆ ಎರಡನ್ನೂ, ಉಳಿದರ್ಧ ಜನರಿಗೆ ಹಾರ್ಮೋನ್ ಚಿಕಿತ್ಸೆ ಮಾತ್ರ ಕೊಟ್ಟು ನೋಡಿದರು. 2018ರಲ್ಲಿ ಬಂದ ಉತ್ತರ ಸ್ಪಷ್ಟವಾಗಿತ್ತು. ಮಧ್ಯಮ ಅಂಕದ ಬಹುಪಾಲು ಮಹಿಳೆಯರಿಗೆ ಕೀಮೊಥೆರಪಿ ಬೇಕಾಗಿರಲಿಲ್ಲ, 50 ವರ್ಷದೊಳಗಿನ ಕೆಲವರಿಗಷ್ಟೇ ಅದರಿಂದ ತುಸು ಲಾಭ ಕಂಡಿತು. ಸಾವಿರಾರು ಮಹಿಳೆಯರು ಕೂದಲು ಉದುರುವ, ವಾಂತಿಯಾಗುವ, ನರಗಳು ಜೋಮು ಹಿಡಿಯುವ ಚಿಕಿತ್ಸೆಯಿಂದ ಪಾರಾದರು. ಆ ಪರೀಕ್ಷೆಯ ಹೆಗ್ಗಳಿಕೆ ಅದರ ಜೀನುಗಳ ಪಟ್ಟಿಯಲ್ಲಿಲ್ಲ. ಅದು ಒಂದು ನಿರ್ಧಾರವನ್ನು ಬದಲಿಸಿತು, ಬದಲಿಸಿದ್ದು ಸರಿ ಎಂದು ತೋರಿಸಿಯೂ ಕೊಟ್ಟಿತು. ಚರ್ಮದ ಕ್ಯಾನ್ಸರಿನಲ್ಲಿ ನಮಗೆ ಬೇಕಾದದ್ದು ಇದೇ ದರ್ಜೆಯ ಪುರಾವೆ.

ಇದಕ್ಕೆ ನೀವು ಹೇಳಬಹುದಾದ ಮೊದಲ ಆಕ್ಷೇಪ ತೂಕದ್ದು. ಚಿಕಿತ್ಸೆ ಬದಲಾಗದಿದ್ದರೂ ತನ್ನ ಮುಂದಿನ ದಿನಗಳನ್ನು ತಿಳಿಯುವ ಹಕ್ಕು ರೋಗಿಗಿಲ್ಲವೇ? ಕಣ್ಣಿನೊಳಗಿನ ಮೆಲನೋಮವನ್ನು ನೀವು ಉದಾಹರಿಸಬಹುದು. ಆ ಗಡ್ಡೆಯ ಕೋಶಗಳಲ್ಲಿ ಮೂರನೆಯ ವರ್ಣತಂತುವಿನ ಒಂದು ಪ್ರತಿ ಕಾಣೆಯಾಗಿದ್ದರೆ ರೋಗ ಯಕೃತ್ತಿಗೆ ಹರಡುವ ಅಪಾಯ ಬಹಳ ಹೆಚ್ಚು ಎಂದು 1996ರಿಂದಲೂ ಗೊತ್ತಿದೆ. ಹರಡುವುದನ್ನು ತಡೆಯುವ ಖಚಿತ ಔಷಧ ಇಲ್ಲದಿದ್ದರೂ ಅನೇಕ ರೋಗಿಗಳು ಆ ಪರೀಕ್ಷೆ ಮಾಡಿಸಿಕೊಂಡರು. ಈ ಹಕ್ಕನ್ನು ನಾನು ಪೂರ್ತಿ ಒಪ್ಪುತ್ತೇನೆ. ಮಕ್ಕಳ ಓದು, ಮನೆಯ ಸಾಲ, ಹೊಲದ ಪಾಲುಪಟ್ಟಿ ಎಲ್ಲವನ್ನೂ ಯೋಚಿಸಬೇಕಾದ ಮನುಷ್ಯನಿಗೆ ತಿಳಿವಳಿಕೆಯೇ ಒಂದು ಆಸರೆ. ಆದರೆ ಕಣ್ಣಿನ ಮೆಲನೋಮ ತನ್ನ ಜೀನುಗಳಲ್ಲೇ ಹೆಚ್ಚುಕಡಿಮೆ ಎರಡು ಬಣಗಳಾಗಿ ಒಡೆದಿದೆ, ಆದ್ದರಿಂದ ಅಲ್ಲಿನ ಉತ್ತರ ಭದ್ರ. ಚರ್ಮದ ಮೆಲನೋಮದಲ್ಲಿ ಅಂಥ ಸ್ಪಷ್ಟ ಗೆರೆಯನ್ನು ಯಾರೂ ಕಂಡಿಲ್ಲ. ಹರಡುವವರಲ್ಲಿ ಮೂವರಲ್ಲಿ ಇಬ್ಬರನ್ನು ತಪ್ಪಿಸಿಬಿಡುವ ಪರೀಕ್ಷೆ ಕೊಡುವುದು ತಿಳಿವಳಿಕೆಯಲ್ಲ, ತಿಳಿದಿದ್ದೇನೆಂಬ ಭ್ರಮೆ. ತಿಳಿಯುವ ಹಕ್ಕು ಎಂದರೆ ನಂಬಬಹುದಾದದ್ದನ್ನು ತಿಳಿಯುವ ಹಕ್ಕು. ಪರೀಕ್ಷೆಯ ಫಲಿತಾಂಶದಿಂದ ಚಿಕಿತ್ಸೆ ಬದಲಾಗದು ಎಂಬ ಮಾತನ್ನು ರಕ್ತ ಅಥವಾ ತುಣುಕು ಪಡೆಯುವ ಮೊದಲೇ ಹೇಳಿಸಿಕೊಳ್ಳುವುದೂ ಅದೇ ಹಕ್ಕಿನ ಭಾಗ.

ಎರಡನೆಯ ಆಕ್ಷೇಪ ಕಾಲದ್ದು. ದೊಡ್ಡ ಪ್ರಯೋಗಗಳಿಗೆ ಹತ್ತು ಹದಿನೈದು ವರ್ಷ ಬೇಕು, ಅಷ್ಟರಲ್ಲಿ ಜನ ಸಾಯುತ್ತಾರಲ್ಲ ಎನ್ನುತ್ತೀರಿ. ಕಳವಳ ನಿಜ, ಆದರೆ ಅರ್ಧ ದಾರಿ ಈಗಾಗಲೇ ಸವೆದಿದೆ. ಔಷಧ ಪ್ರಯೋಗಗಳಲ್ಲಿ ಭಾಗವಹಿಸಿದ ಸಾವಿರಾರು ರೋಗಿಗಳ ಗಡ್ಡೆಯ ಬ್ಲಾಕುಗಳು ಆಸ್ಪತ್ರೆಗಳಲ್ಲಿವೆ. ಯಾರಿಗೆ ಔಷಧ ಸಿಕ್ಕಿತು, ಯಾರಿಗೆ ಸಿಗಲಿಲ್ಲ, ಯಾರಲ್ಲಿ ರೋಗ ಮರುಕಳಿಸಿತು ಎಂಬ ದಾಖಲೆ ಇದೆ. ನಿಮ್ಮ ಪರೀಕ್ಷೆಯ ನಿಯಮಗಳನ್ನು ಮೊದಲೇ ಬರೆದು ಬೀಗ ಹಾಕಿ, ಆಮೇಲೆ ಆ ಬ್ಲಾಕುಗಳ ಮೇಲೆ ಓಡಿಸಿದರೆ ಕೆಲವೇ ವರ್ಷಗಳಲ್ಲಿ ಗಟ್ಟಿ ಉತ್ತರ ಸಿಗುತ್ತದೆ. ಜೊತೆಗೆ, ಹೋಲಿಕೆಗೆ ದುರ್ಬಲ ಎದುರಾಳಿಯನ್ನು ಆರಿಸಿಕೊಳ್ಳಬೇಡಿ. ಆಸ್ಟ್ರೇಲಿಯಾದ ಮೆಲನೋಮ ಸಂಸ್ಥೆ ರೂಪಿಸಿ ಉಚಿತವಾಗಿ ಕೊಟ್ಟಿರುವ ಲೆಕ್ಕಾಚಾರವೊಂದು ರೋಗಿಯ ವಯಸ್ಸು, ಗಡ್ಡೆಯ ದಪ್ಪ, ಹುಣ್ಣು, ಕೋಶ ವಿಭಜನೆಯ ವೇಗ, ನಾಳಗಳಿಗೆ ನುಗ್ಗಿದೆಯೇ ಎಂಬುದು, ಮೆಲನೋಮದ ಬಗೆ, ಈ ಆರೇ ಅಂಶಗಳಿಂದ ಗ್ರಂಥಿಗೆ ಹರಡಿರುವ ಸಾಧ್ಯತೆಯನ್ನು ಅಂದಾಜಿಸುತ್ತದೆ. ಇವೆಲ್ಲ ಒಳ್ಳೆಯ ಪೆಥಾಲಜಿ ವರದಿಯಲ್ಲೇ ಇರುವ ಸಂಗತಿಗಳು. ನಿಮ್ಮ ದುಬಾರಿ ಪರೀಕ್ಷೆ ಇದನ್ನು ಮೀರಿ ಏನನ್ನು ಸೇರಿಸುತ್ತದೆ ಎಂಬುದೇ ಪ್ರಶ್ನೆ. ಬರೀ ದಪ್ಪವನ್ನು ಮೀರಿಸಿದೆ ಎಂದರೆ ಸಾಕಾಗುವುದಿಲ್ಲ.

ಈಗ ಯಾರ ಚರ್ಮ ಎಂಬ ಪ್ರಶ್ನೆಗೆ ಬರುತ್ತೇನೆ. ಮೇಲೆ ಹೇಳಿದ ಬಹುತೇಕ ಅಂಕಿಗಳು ಬಿಸಿಲಿಗೆ ಬೇಗ ಕೆಂಪಾಗುವ ಬಿಳಿಚರ್ಮದ ಜನರಿಂದ ಬಂದವು. ನಮ್ಮಲ್ಲಿ ಮೆಲನೋಮ ವಿರಳ. ಬಂದಾಗ ಹೆಚ್ಚಾಗಿ ಅಂಗಾಲಿನಲ್ಲಿ, ಅಂಗೈಯಲ್ಲಿ, ಉಗುರಿನ ಕೆಳಗೆ ಬರುತ್ತದೆ. ಗಾಯಕ ಬಾಬ್ ಮಾರ್ಲಿ 1981ರಲ್ಲಿ 36ನೆಯ ವಯಸ್ಸಿಗೆ ತೀರಿಕೊಂಡದ್ದು ಕಾಲ್ಬೆರಳಿನಲ್ಲಿ ಶುರುವಾದ ಇಂಥದೇ ಮೆಲನೋಮದಿಂದ. ಈ ಬಗೆಗೆ ಬಿಸಿಲು ಮುಖ್ಯ ಕಾರಣವಲ್ಲ. ಅದರ ಜೀನ್ ಬದಲಾವಣೆಗಳ ಮಾದರಿಯೇ ಬೇರೆ. ಬಿಸಿಲಿನಿಂದಾಗುವ ರೂಪಾಂತರಗಳು ಕಡಿಮೆ, ವರ್ಣತಂತುಗಳ ತುಂಡುಗಳು ಮುರಿದು ಕೂಡಿಕೊಂಡದ್ದು ಹೆಚ್ಚು. ಹೊಸ ಔಷಧಗಳಿಗೂ ಅದು ಅಷ್ಟಾಗಿ ಬಗ್ಗುವುದಿಲ್ಲ. ಬ್ರೆಸ್ಲೊ ಅಳತೆಯೂ ಇಲ್ಲಿ ತಡವರಿಸುತ್ತದೆ, ಏಕೆಂದರೆ ಅಳತೆ ಶುರುವಾಗಬೇಕಾದ ಕಣಪದರ ಉಗುರಿನ ಬುಡದ ಚರ್ಮದಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ. ಬೆನ್ನು, ತೊಡೆಗಳ ಬಿಸಿಲ ಮೆಲನೋಮದಿಂದ ಕಲಿತ ಪರೀಕ್ಷೆಯನ್ನು ಅಂಗಾಲಿನ ಮೆಲನೋಮಕ್ಕೆ ಹಾಗೇ ಅನ್ವಯಿಸಲು ಯಾವ ಆಧಾರವಿದೆ? ಚರ್ಮದ ಇನ್ನೊಂದು ಬಗೆಯ ಕ್ಯಾನ್ಸರಾದ ಸ್ಕ್ವೇಮಸ್ ಕೋಶದ ಕ್ಯಾನ್ಸರಿಗೂ ಇದೇ ಮಾತು. ಬಿಸಿಲಿನಿಂದ ಬರುವ ಆ ಕ್ಯಾನ್ಸರ್ ಹೆಚ್ಚಾಗಿ ಹರಡದೆ ಗುಣವಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಅದು ಹಳೆಯ ಸುಟ್ಟ ಕಲೆಯಲ್ಲಿ, ವರ್ಷಗಟ್ಟಲೆ ಮಾಯದ ಕಾಲಿನ ಹುಣ್ಣಿನಲ್ಲಿ, ಕುಷ್ಠರೋಗದಿಂದ ಸ್ಪರ್ಶಜ್ಞಾನ ಹೋದ ಅಂಗಾಲಿನ ಗಾಯದಲ್ಲಿ ಹುಟ್ಟುವುದುಂಟು, ಹಾಗೆ ಹುಟ್ಟಿದ್ದು ಹರಡುವ ಸಾಧ್ಯತೆ ಹೆಚ್ಚು.

ಕಂಪ್ಯೂಟರಿಗೆ ಕಲಿಸುವವರು ಇಲ್ಲಿ ವಿಶೇಷ ಎಚ್ಚರದಲ್ಲಿರಬೇಕು. ಹರಡುವಿಕೆಯ ಮುನ್ಸೂಚನೆಗಿಂತ ಸುಲಭವಾದ ರೋಗ ಗುರುತಿಸುವ ಕೆಲಸದಲ್ಲೇ ಪ್ರೋಗ್ರಾಮುಗಳು ಎಡವಿದ್ದು ದಾಖಲಾಗಿದೆ. ಶಸ್ತ್ರಚಿಕಿತ್ಸಕರು ಚರ್ಮದ ಮೇಲೆ ಹಾಕುವ ನೇರಳೆ ಶಾಯಿಯ ಗುರುತು ಕಂಡರೆ ಸಾಮಾನ್ಯ ಮಚ್ಚೆಯನ್ನೂ ಮೆಲನೋಮ ಎನ್ನುವ ಪ್ರವೃತ್ತಿ ಒಂದು ಪ್ರೋಗ್ರಾಮಿನಲ್ಲಿ ಹೆಚ್ಚಾಗುತ್ತದೆ ಎಂದು ಜರ್ಮನಿಯ ಸಂಶೋಧಕರು 2019ರಲ್ಲಿ ತೋರಿಸಿದರು. ಬಯಾಪ್ಸಿಯಿಂದ ಖಚಿತಪಟ್ಟ 656 ಚಿತ್ರಗಳ, ಬೇರೆ ಬೇರೆ ಮೈಬಣ್ಣದವರನ್ನು ಒಳಗೊಂಡ ಸಂಗ್ರಹದ ಮೇಲೆ 2022ರಲ್ಲಿ ಪರೀಕ್ಷಿಸಿದಾಗ, ಹೆಸರಾಂತ ಪ್ರೋಗ್ರಾಮುಗಳ ಸಾಮರ್ಥ್ಯ ಕಪ್ಪು ಚರ್ಮದಲ್ಲಿ ಕುಸಿಯಿತು. ಯಂತ್ರ ಕಲಿಯುವುದು ನೀವು ತೋರಿಸಿದ್ದನ್ನು ಮಾತ್ರ. ನೀವು ತೋರಿಸದ ಅಂಗಾಲು ಅದರ ಲೆಕ್ಕದಲ್ಲಿ ಇಲ್ಲ.

ಭಾರತದಲ್ಲಿ ಮೆಲನೋಮ ಇಷ್ಟು ವಿರಳವಿರುವಾಗ ಇದಕ್ಕೆ ಇಷ್ಟು ಶ್ರಮ ಏಕೆ ಎಂಬುದು ಮೂರನೆಯ ಆಕ್ಷೇಪ. ವಿರಳವಾಗಿರುವುದರಿಂದಲೇ ಇಲ್ಲಿ ಅದು ತಡವಾಗಿ ಪತ್ತೆಯಾಗುತ್ತದೆ. ಅಂಗಾಲಿನ ಕಪ್ಪು ಕಲೆಯನ್ನು ಆಣಿ ಎಂದೋ, ಉಗುರಿನ ಕಪ್ಪು ಗೆರೆಯನ್ನು ಪೆಟ್ಟಿನ ಗುರುತೆಂದೋ ತಿಳಿದು ತಿಂಗಳುಗಳು ಕಳೆಯುತ್ತವೆ. ಒಂದೊಂದೇ ಆಸ್ಪತ್ರೆಯಲ್ಲಿ ಬೆರಳೆಣಿಕೆಯ ರೋಗಿಗಳಿದ್ದರೂ, ಹತ್ತಾರು ವೈದ್ಯಕೀಯ ಕಾಲೇಜುಗಳ ಪೆಥಾಲಜಿ ವಿಭಾಗಗಳ ಬ್ಲಾಕುಗಳನ್ನೂ ರೋಗಿಗಳ ಮುಂದಿನ ಸ್ಥಿತಿಯ ದಾಖಲೆಗಳನ್ನೂ ಒಂದೆಡೆ ಸೇರಿಸಿದರೆ ಜಗತ್ತಿಗೆ ಕೊರತೆಯಿರುವ ಮಾಹಿತಿ ಇಲ್ಲೇ ಕೂಡುತ್ತದೆ. ಆಫ್ರಿಕಾ, ಪೂರ್ವ ಏಷ್ಯಾ, ಲ್ಯಾಟಿನ್ ಅಮೆರಿಕದ ರೋಗಿಗಳಿಗೂ ಅದು ನೆರವಾಗುತ್ತದೆ. ಎಷ್ಟೋ ಕಡೆ ವರದಿಯಲ್ಲಿ ದಪ್ಪ ಮತ್ತು ಹುಣ್ಣನ್ನು ತಪ್ಪದೆ ನಮೂದಿಸುವ ಶಿಸ್ತೇ ಹೆಚ್ಚಿನ ಖರ್ಚಿಲ್ಲದೆ ಸಿಗುವ ದೊಡ್ಡ ಮುನ್ಸೂಚನೆ. ನಮ್ಮಲ್ಲಿ ಇಂಥ ಪರೀಕ್ಷೆಯ ಹಣ ಹೆಚ್ಚಾಗಿ ಹೋಗುವುದು ರೋಗಿಯ ಜೇಬಿನಿಂದ ಎಂಬುದನ್ನೂ ನೆನಪಿಡಿ. ನಿರ್ಧಾರ ಬದಲಿಸದ ಪರೀಕ್ಷೆಗೆ ತೆತ್ತ ಹಣ, ಸಮಯಕ್ಕೆ ಸರಿಯಾಗಿ ಬಂದು ತೋರಿಸಿಕೊಳ್ಳಲು ಬಸ್ಸಿಗೆ ಬೇಕಿದ್ದ ಹಣ.

ಆದ್ದರಿಂದ ನಿಮ್ಮಲ್ಲಿ ನನ್ನ ಬೇಡಿಕೆಗಳನ್ನು ಇಲ್ಲಿ ಸ್ಪಷ್ಟವಾಗಿ ಇಡುತ್ತೇನೆ. ನಿಮ್ಮ ಪರೀಕ್ಷೆ ಯಾವ ನಿರ್ಧಾರಕ್ಕಾಗಿ ಎಂದು ಕೆಲಸ ಶುರುಮಾಡುವ ದಿನವೇ ಬರೆದಿಡಿ. ಒಟ್ಟಾರೆ ನಿಖರತೆಯ ಒಂದು ಸಂಖ್ಯೆಯ ಹಿಂದೆ ಅಡಗದೆ, ಪ್ರತಿ ಹಂತದಲ್ಲೂ ಎಷ್ಟು ಜನರನ್ನು ತಪ್ಪಾಗಿ ಹೆದರಿಸುತ್ತೀರಿ, ಎಷ್ಟು ಜನರಿಗೆ ತಪ್ಪಾಗಿ ಧೈರ್ಯ ಹೇಳುತ್ತೀರಿ ಎಂದು ಪ್ರಕಟಿಸಿ. ಕಲಿಕೆಗೆ ಬಳಸಿದ ರೋಗಿಗಳಲ್ಲಿ ಅಂಗಾಲು, ಉಗುರು, ಹಳೆಯ ಗಾಯಗಳ ಪಾಲೆಷ್ಟು ಎಂದು ತಿಳಿಸಿ. ಅದು ಸೊನ್ನೆಯಾಗಿದ್ದರೆ ಅಂಥ ರೋಗಿಗಳಿಗೆ ಈ ಪರೀಕ್ಷೆ ಅನ್ವಯಿಸದು ಎಂದು ವರದಿಯ ಮೇಲೆಯೇ ಮುದ್ರಿಸಿ. ಸೋತ ಫಲಿತಾಂಶಗಳನ್ನೂ ಪ್ರಕಟಿಸಿ. ಹೀಗೆ ಮಾಡಿದರೆ ನಿಮ್ಮ ಪರೀಕ್ಷೆ ಮಾರುಕಟ್ಟೆಗೆ ಎರಡು ವರ್ಷ ತಡವಾಗಿ ಬರಬಹುದು, ಆದರೆ ಬಂದ ಮೇಲೆ ಯಾವ ವೈದ್ಯರೂ ಅದನ್ನು ಅನುಮಾನದಿಂದ ನೋಡಬೇಕಾಗುವುದಿಲ್ಲ. ಇಷ್ಟು ಪುರಾವೆಯೊಂದಿಗೆ ನೀವು ಬಂದ ದಿನ, ಅದನ್ನು ದೊಡ್ಡ ನಗರಗಳ ಆಸ್ಪತ್ರೆಗಳಲ್ಲೇ ಉಳಿಯಗೊಡದೆ ಜಿಲ್ಲಾ ಆಸ್ಪತ್ರೆಗೂ ತಲುಪಿಸಬೇಕು, ಅದರ ಖರ್ಚನ್ನು ಸರ್ಕಾರದ ಆರೋಗ್ಯ ಯೋಜನೆ ಭರಿಸಬೇಕು ಎಂದು ಒತ್ತಾಯಿಸುವುದು ನಮ್ಮಂಥ ನಾಗರಿಕರ ಹೊಣೆ. ಆ ಹೊಣೆಯನ್ನು ಹೊರಲು ನಾವು ಸಿದ್ಧರಿದ್ದೇವೆ.

ಇತಿ,
ನಿಮ್ಮ ಕೆಲಸ ಫಲಿಸಲೆಂದು ಬಯಸುವ ಒಬ್ಬ ನಾಗರಿಕ